ನಮ್ಮ ಲೈಬ್ರರಿಗೆ ವರ್ಷ ತುಂಬಿತು, ಎಲ್ಲರಿಗೂ ಥ್ಯಾಂಕ್ಸ್

ಚಾಮರಾಜಪೇಟೆಯ ನಮ್ಮ ಲೈಬ್ರರಿಗೆ ಮೊನ್ನೆ ಭಾನುವಾರ ಒಂದು ವರ್ಷ ತುಂಬಿತು. ಎಷ್ಟೋ ವರ್ಷ ಶಟರ್ ಎಳೆದೇ ಇದ್ದ ಜವಳಿ ಅಂಗಡಿ ಅದು. ಈಗ ಸಂಜೆ ಐದಾದರೆ ಕೂರೋಕೆ ಜಾಗ ಸಿಗಲ್ಲ. ಅವತ್ತು ಮೈಕ್ ಹಿಡಿದಾಗ ಗಂಟಲು ಕಟ್ಟಿತು. ಹೇಳಬೇಕಾದ್ದು ಅರ್ಧವೂ ಹೇಳಲಾಗಲಿಲ್ಲ.

ಮೊದಲ ನಮಸ್ಕಾರ ಅಂಗಡಿಯ ಅಜ್ಜಿಗೆ. ಕೆಡವಿ ಹೊಸದು ಕಟ್ಟಿಸಿದ್ದರೆ ಬಾಡಿಗೆ ಎಷ್ಟೋ ಜಾಸ್ತಿ ಬರುತ್ತಿತ್ತು. "ನಮ್ಮ ಯಜಮಾನರು ಎದುರು ನಿಂತು ಕಟ್ಟಿಸಿದ ಗೋಡೆ, ಇರಲಿ ಬಿಡಪ್ಪಾ" ಅಂದರು. ಆ ಒಂದು ಮಾತಿನಿಂದ ಲಾರಿಗಟ್ಟಲೆ ಇಟ್ಟಿಗೆ, ಸಿಮೆಂಟು ಉಳಿಯಿತು. ಒಡೆದ ಕಲ್ಲುಮಣ್ಣು ಯಾವ ಕೆರೆಯ ಅಂಚಿಗೂ ಹೋಗಿ ಬೀಳಲಿಲ್ಲ.

ಬಡಗಿ ಮೇಸ್ತ್ರಿಗಳ ಕೆಲಸ ನೋಡಿಯೇ ನಂಬಬೇಕು. ಬಟ್ಟೆ ಥಾನು ಇಡುವ ಕಪಾಟು ಎರಡಡಿ ಆಳ, ಪುಸ್ತಕಕ್ಕೆ ಅಷ್ಟು ಬೇಡ. ಉದ್ದಕ್ಕೆ ಸೀಳಿ ಒಂದನ್ನು ಎರಡು ಮಾಡಿದರು. ಹೊಸದಾಗಿ ಕೊಂಡಿದ್ದು ನಾಲ್ಕೇ ಹಲಗೆ. ಗಲ್ಲಾ ಮೇಜಿನ ಅಂಚಿಗೆ ಬಡಿದಿದ್ದ ಹಿತ್ತಾಳೆಯ ಗಜದ ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ. ಪುಸ್ತಕ ಬರೆಸೋಕೆ ಬರುವ ಮಕ್ಕಳು ಅದರ ಮೇಲೆ ಮೊಣಕೈ ಊರಿ ತಮ್ಮ ಕೈ ಅಳೆದುಕೊಳ್ಳುತ್ತಾರೆ.

ಕಪಾಟಿಗೆ ಬೀಗ ಹಾಕೋಣ ಅಂದುಕೊಂಡಿದ್ದೆವು. ರಿಟೈರ್ ಆದ ಲೈಬ್ರೇರಿಯನ್ ಮೇಡಂ ಬಿಡಲಿಲ್ಲ. 1962ರಲ್ಲಿ ಇದೇ ಬೆಂಗಳೂರಲ್ಲಿ ಲೈಬ್ರರಿ ವಿದ್ಯೆ ಕಲಿಸುವ ಸಂಸ್ಥೆ ಡಿಆರ್‌ಟಿಸಿ ಶುರುಮಾಡಿದ ಎಸ್.ಆರ್. ರಂಗನಾಥನ್ ಅವರ ಲೈಬ್ರರಿ ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಸೋಕೆ ಅಂತ, ಎಂದು ನೆನಪಿಸಿದರು. ಬೀಗ ವಾಪಸ್ ಹೋಯಿತು.

ಅಕ್ಟೋಬರ್‌ನ ಆ ರಾತ್ರಿ ಮರೆಯೋಕೆ ಆಗಲ್ಲ. ಚಾವಣಿಯ ಪೈಪ್ ಕಟ್ಟಿಕೊಂಡು, ಮಳೆನೀರು ಗೋಡೆಗುಂಟ ಇಳಿದು ಕೆಳಗಿನ ಎರಡು ಸಾಲು ಪುಸ್ತಕ ನೆನೆದವು. ಫೋನ್ ಮಾಡಿದ್ದು ಇಬ್ಬರಿಗೆ, ಬಂದಿದ್ದು ಇಡೀ ಬೀದಿ. ಮನೆಮನೆಯಿಂದ ಟೇಬಲ್ ಫ್ಯಾನ್ ಬಂದವು. ಬಿಸಿಲಿಗೆ ಇಟ್ಟರೆ ಹಾಳೆ ಸೊಟ್ಟಗಾಗುತ್ತೆ, ಹಳೇ ಪೇಪರ್ ಇಟ್ಟರೆ ಮಸಿ ಅಂಟುತ್ತೆ ಅಂದರು ಮೇಡಂ. ಪಕ್ಕದ ಪ್ರೆಸ್ಸಿನವರು ಅಚ್ಚಾಗದ ಕಾಗದದ ಕಟ್ಟು ಹೊತ್ತು ತಂದರು. ಹಾಳೆಗಳ ನಡುವೆ ಅದನ್ನು ಇಡುವುದು, ಒದ್ದೆಯಾದರೆ ತೆಗೆದು ಬೇರೆ ಇಡುವುದು. ಬೆಳಗಾಗುವವರೆಗೆ ಇದೇ ಕೆಲಸ. ಆರು ಪುಸ್ತಕ ಬಿಟ್ಟು ಎಲ್ಲವೂ ಉಳಿದವು.

ಆಮೇಲೆ ಪ್ಲಂಬರ್ ಅಣ್ಣ ಕೂಲಿ ಮುಟ್ಟದೆ ಆ ಪೈಪನ್ನು ಫಿಲ್ಟರ್ ಮೂಲಕ ನೀರಿನ ಸಂಪ್‌ಗೆ ತಿರುಗಿಸಿಕೊಟ್ಟರು. ಬೆಂಗಳೂರಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಅಂದರೆ ನಮ್ಮ 1,200 ಚದರಡಿ ಚಾವಣಿ ಮೇಲೆ ಬೀಳುವುದು ಲಕ್ಷ ಲೀಟರ್‌ಗೂ ಜಾಸ್ತಿ. ಅವತ್ತು ಪುಸ್ತಕ ನೆನೆಸಿದ ನೀರೇ ಈಗ ಗಿಡಕ್ಕೆ, ಟಾಯ್ಲೆಟ್ಟಿಗೆ ಆಗುತ್ತಿದೆ.

ನಿಮ್ಮೆಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಮಳೆ ಹಿಡಿಯುವ ಮುಂಚೆ ಚಾವಣಿ ಗುಡಿಸಬೇಕು. ಶನಿವಾರ ಬೆಳಗ್ಗೆ ಏಳಕ್ಕೆ ಬನ್ನಿ, ಪೊರಕೆ ನಮ್ಮಲ್ಲೇ ಇದೆ.