ಕೇರಂ ಟೂರ್ನಿ ಕೈಗೆಟುಕುವಂತಿರಲಿ

ಮಾನ್ಯರೇ,

ಹೋದ ತಿಂಗಳು ಹುಬ್ಬಳ್ಳಿಯ ಕೇರಂ ಟೂರ್ನಿಗೆಂದು ಧಾರವಾಡದಿಂದ ಚಿಗರಿ ಬಸ್ ಹತ್ತಿದೆ. ಪ್ರವೇಶ ಶುಲ್ಕ 600 ರೂಪಾಯಿ. ಬೆಳಿಗ್ಗೆ 9ಕ್ಕೆ ಬನ್ನಿ ಅಂದವರು ಬೋರ್ಡ್ ಕೊಟ್ಟಿದ್ದು ಮಧ್ಯಾಹ್ನ ಎರಡೂವರೆಗೆ. ಮುಕ್ಕಾಲು ಗಂಟೆಯಲ್ಲಿ ಸೋತು ಎದ್ದೆ. ನಾಕ್‌ಔಟ್ ಅಲ್ವಾ, ಅಲ್ಲಿಗೆ ಮುಗಿಯಿತು. ಸೋತಿದ್ದಕ್ಕೆ ಬೇಜಾರಿಲ್ಲ, ರಾಣಿ (ಕೆಂಪು ಕಾಯಿ) ಹಾಕಿ, ಅದರ ಹಿಂದೆಯೇ ಹಾಕಬೇಕಾದ ನನ್ನ ಕಾಯಿ, ಅಂದರೆ ಕವರ್, ಬಿಟ್ಟಿದ್ದು ನಾನೇ.

ಪಕ್ಕದಲ್ಲಿ ಗ್ಯಾರೇಜಿನ ಹುಡುಗನೊಬ್ಬ ಕೂತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು. ಅವನು ಕಟ್ ಹೊಡೆಯುವುದನ್ನು ನೋಡಬೇಕು! ಅವನೂ ಮೊದಲ ಸುತ್ತಿನಲ್ಲೇ ಹೊರಗೆ. 'ಒಂದ್ ದಿನದ ಪಗಾರ ಹೋತ್ರೀ ಅಣ್ಣಾರ, ಇನ್ನ ಬರಂಗಿಲ್ಲ' ಎಂದ.

ಕೇರಂಗೆ ಬೇಕಾದದ್ದೇನು? 29 ಇಂಚಿನ ಬೋರ್ಡು, 19 ಕಾಯಿ, ಸ್ಟ್ರೈಕರ್, ಒಂದಿಷ್ಟು ಪೌಡರ್, ಮೇಲೊಂದು ಲೈಟು. ಆದರೆ ಅಲ್ಲಿ ಕಂಡಿದ್ದು ಆಳೆತ್ತರದ ಟ್ರೋಫಿ, ವೇದಿಕೆ, ಮುಖ್ಯ ಅತಿಥಿಗಳಿಗೆ ಶಾಲು, ಹಾರ. ಅತಿಥಿಗಳು ಸ್ಟ್ರೈಕರ್ ಹಿಡಿದು ಫೋಟೊ ತೆಗೆಸಿಕೊಳ್ಳುವುದಕ್ಕೇ ಅರ್ಧ ಗಂಟೆ ಹೋಯಿತು!

ಇದನ್ನೆಲ್ಲ ಬಿಟ್ಟು, ಭಾನುವಾರ ಖಾಲಿ ಇರುವ ಶಾಲೆಯ ಕೋಣೆಯಲ್ಲಿ ಆಡಿಸಿದರೆ ನೂರು ರೂಪಾಯಿಗೆ ಆಗದೇ? ಇನ್ನೊಂದು ಮಾತು. ಚೆಸ್‌ನಲ್ಲಿ ಸ್ವಿಸ್ ಪದ್ಧತಿ ಇದೆ. ಸೋತವರು ಮನೆಗೆ ಹೋಗಬೇಕಿಲ್ಲ, ಮುಂದಿನ ಸುತ್ತಿನಲ್ಲಿ ಹೆಚ್ಚುಕಡಿಮೆ ತಮ್ಮಷ್ಟೇ ಅಂಕ ಇರುವವರ ಜೊತೆ ಆಡುತ್ತಾರೆ. ಹೊಸಬರಿಗೆ ಕೇರಂನಲ್ಲೂ ಹಾಗೆ ನಾಲ್ಕು ಸುತ್ತು ಕೊಡಿ. 25 ಅಂಕದ ಗೇಮಿಗೆ ಸಮಯ ಸಾಲದಿದ್ದರೆ ನಾಲ್ಕು ಬೋರ್ಡ್, ಅಂದರೆ ನಾಲ್ಕು ಸಲ ಕಾಯಿ ಜೋಡಿಸಿ ಆಡುವಷ್ಟು, ಆಡಿಸಿದರೂ ಸಾಕು. ಆಗ ಆ ಹುಡುಗನನ್ನು ನಾನೇ ಕರೆದುಕೊಂಡು ಬರುತ್ತೇನೆ.

– ಒಬ್ಬ ಕೇರಂ ಆಟಗಾರ, ಧಾರವಾಡ