40 ಡಾಲರಿನ ಬನಿಯನ್ನು

ಲೂಯಿವಿಲ್, ಕೆಂಟಕಿ, ಅಮೆರಿಕ
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ನನ್ನ ಟೀ ಶರ್ಟ್ ನೋಡಿ ಅಮ್ಮ "ಇದೇನೇ, ನೈಟಿಯಾ?" ಅಂದಳಲ್ಲ, ಆಮೇಲೆ ರೇಟು ಕೇಳಿದಳು, ನಾನೂ ಬಾಯಿ ತಪ್ಪಿ ಹೇಳಿಬಿಟ್ಟೆ. 40 ಡಾಲರ್. "ಮೂರೂವರೆ ಸಾವಿರಕ್ಕೆ ಒಂದು ಬನಿಯನ್ನಾ!" ಅಂತ ಅವಳು ಬೈದಿದ್ದು ಬಿಡು. ನೀನು ಒಂದೂ ಮಾತಾಡದೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದೆ. ನಮ್ಮ ಬಟ್ಟೆ ಅಂಗಡಿಗೆ ಬಂದವರು ಉದ್ರಿ ಕೇಳಿದಾಗ ನೀನು ಮಾಡುವುದೇ ಹಾಗೆ, ನನಗೆ ಗೊತ್ತಿಲ್ಲವಾ? ಅದಕ್ಕೇ ಈ ಕಾಗದ. ಗೆಳತಿಯೊಬ್ಬಳು ಶಿವಮೊಗ್ಗಕ್ಕೆ ಹೊರಟಿದ್ದಾಳೆ, ಅವಳ ಕೈಲಿ ಒಂದು ಸಿಡಿ ಜೊತೆ ಕಳಿಸುತ್ತಿದ್ದೇನೆ.

ಆ ಅಂಗಿ ಕೊಂಡದ್ದು ಬ್ಲೂಗ್ರಾಸ್ ಅನ್ನುವ ಇಲ್ಲಿನ ಹಳ್ಳಿಗಾಡಿನ ಸಂಗೀತ ಕೇಳಲು ಹೋದಾಗ. ಬ್ಲೂಗ್ರಾಸ್ ಅನ್ನುವುದು ಈ ರಾಜ್ಯದ ಒಂದು ಹುಲ್ಲಿನ ಹೆಸರು. ನೀಲಿ ಏನಲ್ಲ, ಹಸಿರೇ, ಬಗ್ಗಿ ನೋಡಿದ್ದೇನೆ. ಇದೇ ಕೆಂಟಕಿಯ ರೋಜಿನ್ ಎಂಬ ಊರಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ತನ್ನ ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟ. ತಂಡದ ಹೆಸರು ಆಮೇಲೆ ಸಂಗೀತಕ್ಕೇ ಅಂಟಿಕೊಂಡಿತು. ನಿನಗೆ ಹಿಡಿಸುವ ವಿಷಯ ಒಂದಿದೆ: 1940ರ ದಶಕದಲ್ಲಿ ಅವನು ಟೆಂಟು ಹೇರಿಕೊಂಡು ಊರೂರು ಸುತ್ತುತ್ತಿದ್ದ, ಥೇಟ್ ನಮ್ಮ ಯಕ್ಷಗಾನದ ಟೆಂಟಿನ ಮೇಳಗಳ ಹಾಗೆ. ಜೊತೆಗೆ ಒಂದು ಬೇಸ್‌ಬಾಲ್ ಟೀಮನ್ನೂ ಕಟ್ಟಿದ್ದ. ಹಗಲು ಆ ಊರಿನ ಹುಡುಗರ ಜೊತೆ ಪಂದ್ಯ, ಸಂಜೆ ಟೆಂಟಿನಲ್ಲಿ ಹಾಡು. ಜನ ಸೇರಿಸುವ ಉಪಾಯ ನೋಡು.

ಮೊನ್ನೆ ವೇದಿಕೆ ಮೇಲೆ ಐದೇ ಜನ. ಪಿಟೀಲು, ಮ್ಯಾಂಡೊಲಿನ್, ಗಿಟಾರ್, ಪಿಟೀಲಿನಂಥದ್ದೇ ಆಳೆತ್ತರದ ಬೇಸ್, ಮತ್ತೆ ಬ್ಯಾಂಜೋ. ನಮ್ಮೂರ ಆರ್ಕೆಸ್ಟ್ರಾದವರು ಬ್ಯಾಂಜೋ ಅನ್ನುತ್ತಿದ್ದ ಗುಂಡಿ ಒತ್ತುವ ಬುಲ್‌ಬುಲ್ ಅಲ್ಲ ಇದು. ದಮ್ಮಡಿಗೆ ಉದ್ದ ಹಿಡಿ ಕಟ್ಟಿ ಐದು ತಂತಿ ಬಿಗಿದಂತಿರುತ್ತದೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯದಿಂದ ಬೆಳೆದದ್ದು. ಡ್ರಮ್ಮು ಇಲ್ಲವೇ ಇಲ್ಲ. ಲಯ ಕಾಯುವುದು ಬೇಸ್ ಮತ್ತು ಮ್ಯಾಂಡೊಲಿನ್: ಬೇಸ್ 'ದುಂ' ಅಂದರೆ ಮ್ಯಾಂಡೊಲಿನ್ 'ಚಕ್' ಅನ್ನುತ್ತದೆ. ಮೀಟಿದ ಕೂಡಲೇ ಬೆರಳು ಸಡಿಲಿಸಿ ನಾದವನ್ನು ಅಲ್ಲೇ ಕತ್ತರಿಸುತ್ತಾರೆ. ಮ್ಯಾಂಡೊಲಿನ್ ಶ್ರೀನಿವಾಸರ ಗಮಕ ಕೇಳಿ ಬೆಳೆದ ಕಿವಿಗೆ ಮೊದಮೊದಲು ಒಗ್ಗುವುದಿಲ್ಲ.

ಐದು ಜನಕ್ಕೂ ಸೇರಿ ಮೈಕು ಒಂದೇ. ತನ್ನ ಸರದಿ ಬಂದವನು ಮುಂದೆ ಬರಬೇಕು, ನುಡಿಸಿ ಹಿಂದೆ ಸರಿಯಬೇಕು. ಪಿಟೀಲಿನವಳು ಮುಂದೆ ನುಗ್ಗುವಾಗ ಅವಳ ಕಮಾನು ಗಿಟಾರಿನವನ ಟೋಪಿಯ ಅಂಚನ್ನು ಸವರಿಕೊಂಡು ಹೋಯಿತು, ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ ಎರಡು ಗಂಟೆ!

ಇನ್ನು ಟೇಬಲ್ಲಿನ ವಿಷಯ. ಹಾಲ್‌ನ ಬಾಗಿಲ ಹತ್ತಿರ ಒಂದು ಮೇಜು ಹಾಕಿ ತಂಡದ ಸಾಮಾನು ಮಾರುತ್ತಾರೆ. ರಟ್ಟಿನ ಮೇಲೆ ಮಾರ್ಕರಿನಲ್ಲಿ ರೇಟು ಬರೆದಿದ್ದರು: ಟೀ ಶರ್ಟ್ 40, ಎಲ್‌ಪಿ ರೆಕಾರ್ಡು 35, ಪೋಸ್ಟರ್ 25, ಸಿಡಿ 15, ಸ್ಟಿಕ್ಕರ್ 3. ಟೀ ಶರ್ಟಿನ 40ರ ಕೆಳಗೆ 35 ಅಂತ ಇದ್ದದ್ದನ್ನು ಹೊಡೆದುಹಾಕಿದ್ದು ಕಾಣುತ್ತಿತ್ತು. ಅಷ್ಟು ಸಾಕಾಯಿತು, ಸಾಲಿನಲ್ಲಿ ಚರ್ಚೆ ಶುರು.

ನನ್ನ ಮುಂದಿದ್ದ ಅಜ್ಜ, "ನನ್ನ ಟಿಕೆಟ್ಟೇ 38 ಡಾಲರ್, ಅಂಗಿ ಅದಕ್ಕಿಂತ ಜಾಸ್ತಿಯಾ?" ಅಂದ. ಒಬ್ಬ ಹುಡುಗ, "25ಕ್ಕೆ ಕೊಟ್ಟರೆ ಎರಡು ಪಟ್ಟು ಹೋಗುತ್ತದೆ" ಅಂದ. ಕಡಿಮೆ ಲಾಭ, ಹೆಚ್ಚು ವ್ಯಾಪಾರ ಅಂತ ನಿನ್ನದೇ ಮಾತು, ನಾನೂ ತಲೆಯಾಡಿಸಿದೆ. ಹಿಂದಿದ್ದ ಹೆಂಗಸಿಗೆ ಸಿಟ್ಟು ಬಂತು. "ಮನೆಯಲ್ಲಿ ಪುಕ್ಕಟೆ ಕೇಳುತ್ತೀರಿ, ಇಲ್ಲಿ ಬಂದು ಚೌಕಾಸಿ ಮಾಡುತ್ತೀರಿ" ಅಂದಳು. ಅದೂ ಸುಳ್ಳಲ್ಲ ಅಪ್ಪ. ಫೋನಿನ ಆ್ಯಪ್‌ಗಳಲ್ಲಿ ಒಂದು ಹಾಡನ್ನು ಸಾವಿರ ಸಲ ಕೇಳಿದರೆ ಹಾಡಿದವರ ಕಡೆಗೆ ಸೇರುವುದು ಸುಮಾರು 3–4 ಡಾಲರ್, ಅದರಲ್ಲೂ ರೆಕಾರ್ಡ್ ಕಂಪನಿಯ ಪಾಲು ಹೋಗಬೇಕು.

ನನ್ನ ಸರದಿ ಬಂದಾಗ ನಿನ್ನ ಬುದ್ಧಿ ಬಿಡಲಿಲ್ಲ. ಮೊದಲು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಕಾಲರಿನ ಒಳಗಿನ ಲೇಬಲ್ ನೋಡಿದೆ, ಹೊಂಡುರಾಸ್. ಆಮೇಲೆ ನಾಚಿಕೆ ಬಿಟ್ಟು "ಅಸಲು ಎಷ್ಟು ಬೀಳುತ್ತದೆ?" ಅಂತ ಕೇಳಿಯೇಬಿಟ್ಟೆ. ಮಾರುತ್ತಿದ್ದ ಹುಡುಗಿ ನಕ್ಕಳು, ಆದರೆ ಲೆಕ್ಕ ಕೊಟ್ಟಳು. ಪ್ರಿಂಟೂ ಸೇರಿ ಅಂಗಿಗೆ 11 ಡಾಲರ್. ಕೆಂಟಕಿಯ ಮಾರಾಟ ತೆರಿಗೆ ನೂರಕ್ಕೆ 6, ಅದೂ 40ರ ಒಳಗೇ. ಕಾರ್ಡಿನವರಿಗೆ ಒಂದು ಡಾಲರ್. ಇಲ್ಲಿವರೆಗೆ ಸರಿ. ಆಮೇಲೆ ಹಾಲ್‌ನವರಿಗೆ ನೂರಕ್ಕೆ 20!

ಬಾಡಿಗೆ ಬೇರೆ, ಟಿಕೆಟ್ಟಿನಲ್ಲಿ ಪಾಲು ಬೇರೆ, ಮೇಲಿನಿಂದ ಒಂದು ಮೇಜಿನ ಜಾಗಕ್ಕೆ ಪ್ರತಿ ಅಂಗಿಯಲ್ಲಿ 8 ಡಾಲರ್. ಈ ದೇಶದ ಎಷ್ಟೋ ಹಾಲ್‌ಗಳಲ್ಲಿ ಇದು ಮಾಮೂಲಂತೆ, ಕೆಲವು ಕಡೆ ಇನ್ನೂ ಜಾಸ್ತಿ. ಜಾತ್ರೆಯಲ್ಲಿ ನೆಲಬಾಡಿಗೆ ಕೊಟ್ಟ ಮೇಲೆ ಮಾರಿದ ಪ್ರತಿ ಸೀರೆಗೂ ಕಮಿಷನ್ ಕೇಳಿದರೆ ನೀನು ಏನನ್ನುತ್ತಿದ್ದೆ ಅಂತ ಯೋಚಿಸಿ ನನಗೆ ನಗು ಬಂತು. ಕೂಡಿ ಕಳೆದು ಸುಮಾರು 18 ಡಾಲರ್ ಉಳಿಯುತ್ತದೆ, ಐದು ಪಾಲು. ತಲೆಗೆ ಮೂರೂವರೆ ಚಿಲ್ಲರೆ. ಅದರಲ್ಲೇ ವ್ಯಾನಿನ ಎಣ್ಣೆ, ಲಾಡ್ಜು, ಊಟ.

ಸ್ಟಾಕಿನ ತಲೆನೋವು ನಿನಗೆ ಹೇಳಬೇಕಾ? ಈ ಊರಿಗೆ ಅವರು ವರ್ಷಕ್ಕೊಂದು ಸಲ ಬರುವವರು, ನಾಳೆ ಬನ್ನಿ ಅನ್ನುವ ಹಾಗಿಲ್ಲ. ಚಿಕ್ಕ ಸೈಜೆಲ್ಲ ಹಿಂದಿನ ಊರಲ್ಲೇ ಖಾಲಿ, ಉಳಿದದ್ದು ಡಬಲ್ ಎಕ್ಸೆಲ್. ಅದೇ ಅಮ್ಮನ ನೈಟಿ.

ಅಜ್ಜ ಮಾತ್ರ ಅಂಗಿ ಕೊಳ್ಳಲಿಲ್ಲ. ಬ್ಯಾಂಜೋದವನು ಹೊರಗೆ ಬಂದಾಗ ಕೈ ಕುಲುಕಿದ ನೆಪದಲ್ಲಿ 20 ಡಾಲರಿನ ನೋಟೊಂದನ್ನು ಮಡಚಿ ಅವನ ಅಂಗೈಯಲ್ಲಿಟ್ಟ. "ಇದರಲ್ಲಿ ಯಾರಿಗೂ ಪಾಲಿಲ್ಲ" ಅಂದ. ಆ ಅಜ್ಜನೇ ನನಗೆ ಮನ್ರೋನ ಮ್ಯಾಂಡೊಲಿನ್ ಕಥೆ ಹೇಳಿದ್ದು. 1923ರಲ್ಲಿ ತಯಾರಾದ ಗಿಬ್ಸನ್ ಕಂಪನಿಯ ಎಫ್-5 ಮಾದರಿಯದ್ದು, ಫ್ಲಾರಿಡಾದ ಒಂದು ಕ್ಷೌರದ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದು ಮನ್ರೋನ ಕಣ್ಣಿಗೆ ಬಿತ್ತಂತೆ, 150 ಡಾಲರಿಗೆ ಕೊಂಡನಂತೆ. ಆ ಕಾಲದ ಅಂಥ ವಾದ್ಯಕ್ಕೆ ಈಗ ಲಕ್ಷ ಡಾಲರಿನ ಮೇಲೆ. ಕಥೆ ಮುಗಿಸಿ, ಅಜ್ಜ ಮತ್ತೆ ಆ ರಟ್ಟಿನ ಕಡೆ ನೋಡಿ "ಆದರೂ ನಲವತ್ತಾ!" ಅಂದ.

ಸಿಡಿಯನ್ನು ಗಲ್ಲಾಪೆಟ್ಟಿಗೆ ಪಕ್ಕದ ಹಳೇ ಪ್ಲೇಯರಿನಲ್ಲಿ ಹಾಕು, ನನ್ನ ಹತ್ತಿರ ಸಿಡಿ ಹಾಕುವ ಯಂತ್ರವೇ ಇಲ್ಲ. ನಾಲ್ಕನೆಯದು ಪಿಟೀಲಿನವಳದ್ದು, ನಿಂತು ನುಡಿಸುತ್ತಾಳೆ ಅಂತ ನೆನಪಿಟ್ಟುಕೊಂಡು ಕೇಳು. ಅಂಗಿ ಮಂಡಿವರೆಗೆ ಬರುತ್ತಿತ್ತು, ನಿನ್ನೆ ಕೆಳಗಿನಿಂದ ನಾಲ್ಕು ಬೆರಳು ಕತ್ತರಿಸಿ ಹೊಲಿದುಕೊಂಡೆ. ಆ ತುಂಡನ್ನು ಸಿಡಿಯ ಡಬ್ಬಿಯೊಳಗೆ ಇಟ್ಟಿದ್ದೇನೆ. ತಿಕ್ಕಿ ನೋಡು. 11 ಡಾಲರ್ ಅಸಲು ನಿಜವಾ, ಇಲ್ಲ ಆ ಹುಡುಗಿ ನನಗೇ ಟೋಪಿ ಹಾಕಿದಳಾ ಅಂತ ಭಾನುವಾರ ಹೇಳು.

ಅಮ್ಮನಿಗೆ ನಮಸ್ಕಾರ.

ನಿನ್ನ ಮಗಳು