ಆ ಬೂದು ಅಂಚು ನೋಡಿ ಬಂದು ಬರೆ

ಪ್ರೀತಿಯ ಮೇಘನಾ,

ನಿನ್ನ ಲೇಖನ ತಲುಪಿತು. ರಾತ್ರಿಯೇ ಓದಿದೆ, ಬೆಳಿಗ್ಗೆ ಕಾಫಿಯ ಹೊತ್ತಿಗೆ ಇನ್ನೊಮ್ಮೆ ಓದಿದೆ. ನಿಯೋಕಾರ್ಟೆಕ್ಸ್, ಅಂದರೆ ಮಿದುಳಿನ ಹೊರಮೈಯ ತೆಳು ಹೊದಿಕೆ, ಅಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀಯಲ್ಲ, ಅದೇ ನನಗೆ ದೊಡ್ಡ ಸಂತೋಷ. ಆದರೆ ನೀನು ತುಂಬ ಇಷ್ಟಪಟ್ಟು ಬರೆದಿರಬಹುದಾದ ಸಾಲಿನ ಹತ್ತಿರವೇ ನಿಂತುಬಿಟ್ಟೆ: 'ಒಳಗೊಂದು ಮೃಗ, ಅದರ ಬೆನ್ನ ಮೇಲೆ ಲಗಾಮು ಹಿಡಿದು ಕೂತ ಸವಾರ ನಿಯೋಕಾರ್ಟೆಕ್ಸ್.' ಸಾಲು ಚೆನ್ನಾಗಿದೆ, ನಿಜವಲ್ಲ. ಅದನ್ನು ತೆಗೆ.

ತಳದಲ್ಲಿ ಹಲ್ಲಿಯ ಮಿದುಳು, ಅದರ ಮೇಲೆ ಸಸ್ತನಿಯ ಮಿದುಳು, ಎಲ್ಲಕ್ಕೂ ಮೇಲೆ ವಿಚಾರ ಮಾಡುವ ಮಿದುಳು ಎಂದು ಮಹಡಿ ಮೇಲೆ ಮಹಡಿ ಕಟ್ಟಿದ ಚಿತ್ರವನ್ನು ಅಮೆರಿಕದ ಮಿದುಳು ವಿಜ್ಞಾನಿ ಪಾಲ್ ಮ್ಯಾಕ್‌ಲೀನ್ 1960ರ ದಶಕದಲ್ಲಿ ಮುಂದಿಟ್ಟರು. ಕೇಳಲು ಹಿತ, ಹಾಗಾಗಿ ಇನ್ನೂ ಓಡಾಡುತ್ತಿದೆ. ವಿಕಾಸ ಹಾಗೆ ನಡೆದಿಲ್ಲ. ನಿಯೋಕಾರ್ಟೆಕ್ಸ್ ಇಲಿಗೂ ಇದೆ. ಆರು ಪದರದ ಆ ಹೊದಿಕೆಯೇ ಇಲ್ಲದ ನ್ಯೂ ಕ್ಯಾಲಿಡೋನಿಯಾದ ಕಾಗೆ ಕಡ್ಡಿಯನ್ನು ಕೊಕ್ಕೆ ಮಾಡಿಕೊಂಡು ಹುಳ ಎಳೆದು ತಿನ್ನುತ್ತದೆ. ಇನ್ನು ಭಾವನೆ ಕೆಳಗೆ, ವಿಚಾರ ಮೇಲೆ ಎಂಬ ಮಾತು. ನರವಿಜ್ಞಾನಿ ಆಂಟೋನಿಯೊ ದಮಾಸಿಯೊ 'ಎಲಿಯಟ್' ಎಂಬ ಗುಪ್ತನಾಮದಲ್ಲಿ ವಿವರಿಸಿದ ರೋಗಿಯನ್ನು ನೆನೆ. ಮಿದುಳಿನ ಗಡ್ಡೆ ತೆಗೆದಾಗ ಅದರ ಜೊತೆಗೆ ಆ ರೋಗಿಯ ಹಣೆಯ ಹಿಂದಿನ ಕಾರ್ಟೆಕ್ಸ್‌ನ ಒಂದು ಭಾಗವೂ ಹೋಯಿತು. ಬುದ್ಧಿಮತ್ತೆಯ ಪರೀಕ್ಷೆ ಕೊಟ್ಟರೆ ಸಲೀಸಾಗಿ ಪಾಸು. ಆದರೆ ಯಾವುದರ ಬಗೆಗೂ ಭಾವನೆ ಹುಟ್ಟದು, ಯಾವುದನ್ನೂ ತೀರ್ಮಾನಿಸಲಾಗದು. ಕೆಲಸ ಹೋಯಿತು, ಸಂಸಾರ ಒಡೆಯಿತು. ಭಾವನೆ ಬತ್ತಿದ್ದೇ ವಿಚಾರಕ್ಕೂ ಕಾಲೂರಲು ನೆಲ ಇಲ್ಲದಂತಾಯಿತು. ಇದನ್ನು ತಿಳಿದ ಮೇಲೆ ಆ ಸವಾರನನ್ನು ಹೇಗೆ ಉಳಿಸಿಕೊಳ್ಳುತ್ತೀ?

ನೀನು ಬೆಂಗಳೂರಿನಲ್ಲೇ ಇದ್ದೀಯ. ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಸಾರ್ವಜನಿಕರಿಗೂ ತೋರಿಸುತ್ತಾರೆ, ಮುಟ್ಟಲೂ ಬಿಡುತ್ತಾರೆ. ನಾನು ಅಲ್ಲಿ ಕೈಗವಸು ತೊಟ್ಟು ಬೊಗಸೆಯೊಡ್ಡಿ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂಗಿಗೆ ಫಾರ್ಮಲಿನ್ ಘಾಟು, ಕೈಯಲ್ಲಿ ಒದ್ದೆ ಭಾರ. ಯಾರದೋ ಮನೆಯವರು ದುಃಖದ ನಡುವೆ ಕೊಟ್ಟ ದಾನ ಇದು ಎಂದು ಹೊಳೆದು ಕೈ ನಡುಗಿತು. ಪಕ್ಕದಲ್ಲಿ ಅಡ್ಡಕ್ಕೆ ಕೊಯ್ದ ಬಿಲ್ಲೆಯೊಂದಿತ್ತು. ಬಿಳಿ ಮೈ, ಸುತ್ತ ಅಂಕುಡೊಂಕಾಗಿ ಸಾಗಿದ ತೆಳು ಬೂದು ಗೆರೆ, ಪಂಚೆಗೆ ಅಂಚು ಇದ್ದ ಹಾಗೆ. ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್, ಅಷ್ಟೇ. ನಿಯೋಕಾರ್ಟೆಕ್ಸ್ ಎಂದರೆ ಬಹುಮಟ್ಟಿಗೆ ಆ ಅಂಚು. ಮಡಿಕೆ ಬಿಡಿಸಿ ಹಾಸಿದರೆ ಸುಮಾರು 2,000 ಚದರ ಸೆಂಟಿಮೀಟರ್, ಮದುವೆ ಊಟದ ಬಾಳೆ ಎಲೆಯಷ್ಟು. ಅದರಲ್ಲಿ ಮೂರರ ಎರಡು ಪಾಲು ಮಡಿಕೆಗಳ ಒಳಗೇ ಅಡಗಿರುತ್ತದೆ. ಇಡೀ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಕಾರ್ಟೆಕ್ಸ್‌ನ ಪಾಲು ಸುಮಾರು 1,600 ಕೋಟಿ. ನಿನ್ನ ಲೇಖನದಲ್ಲಿ ಅಂಕಿಗಳೆಲ್ಲ ಸರಿಯಾಗಿವೆ, ಆ ಅಂಚು ಕಾಣುವುದಿಲ್ಲ.

ಅದು ಮಾಡುವ ಕೆಲಸವನ್ನು 'ಮಾಹಿತಿ ಬರುತ್ತದೆ, ವಿಶ್ಲೇಷಣೆ ನಡೆಯುತ್ತದೆ, ಆಜ್ಞೆ ಹೊರಡುತ್ತದೆ' ಎಂದು ಮುಗಿಸಿಬಿಟ್ಟಿದ್ದೀಯ. ಕಣ್ಣಿನಿಂದ ಹೊರಟ ಸಂಕೇತ ಥಲಾಮಸ್ ಎಂಬ ನಿಲ್ದಾಣ ಹಾದು ಕಾರ್ಟೆಕ್ಸ್ ಸೇರುತ್ತದೆ, ನಿಜ. ಆದರೆ ಆ ನಿಲ್ದಾಣಕ್ಕೆ ಕಣ್ಣಿನ ಕಡೆಯಿಂದ ಬರುವ ಜೋಡಣೆಗಳಿಗಿಂತ ಕಾರ್ಟೆಕ್ಸ್‌ನಿಂದ ಇಳಿದು ಬರುವವೇ ಹೆಚ್ಚು! ಯಾಕಿರಬಹುದು? ಅನೇಕ ವಿಜ್ಞಾನಿಗಳು ಕೊಡುವ ಉತ್ತರ: ಮುಂದೇನು ಬರಬಹುದೆಂದು ಕಾರ್ಟೆಕ್ಸ್ ಸದಾ ಊಹಿಸುತ್ತಿರುತ್ತದೆ, ಊಹೆ ತಪ್ಪಿದಾಗ ಎಚ್ಚೆತ್ತು ಕಲಿಯುತ್ತದೆ. ಕರೆಂಟ್ ಹೋದ ಕೂಡಲೇ ಕತ್ತಲಲ್ಲಿ ದೇವರ ಗೂಡಿನ ಬೆಂಕಿಪೊಟ್ಟಣಕ್ಕೆ ಕೈ ತಾನಾಗಿ ಹೋಗುತ್ತದೆ. ಯಾರಾದರೂ ಎತ್ತಿಟ್ಟಿದ್ದರೆ ಆ ಖಾಲಿ ಜಾಗ ಬೆರಳಿಗೆ ಥಟ್ಟನೆ ತಿಳಿಯುತ್ತದೆ. ಇಲ್ಲದ ವಸ್ತು ಬೆರಳಿಗೆ ತಿಳಿದದ್ದು ಹೇಗೆ? ಅಲ್ಲಿರುತ್ತದೆಂದು ಮಿದುಳು ಮೊದಲೇ ಎಣಿಸಿಕೊಂಡಿತ್ತು.

ಇದು ನಮ್ಮ ಕಸುಬಿಗೇ ಸೇರಿದ ಸಂಗತಿ ಮೇಘನಾ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಓದುಗರ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಒಂದೊಂದೇ ಪದ ತೋರಿಸುತ್ತ ವಾಕ್ಯ ಓದಿಸಿದರು. ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿದ ಎನ್ನಬೇಕಾದಲ್ಲಿ ಕಾಲುಚೀಲ ಎಂಬ ಪದ ಬಂತು. ಅದು ಕಂಡ ಸುಮಾರು 400 ಮಿಲಿಸೆಕೆಂಡಿಗೆ ವಿದ್ಯುತ್ ಅಲೆಯೊಂದು ಎದ್ದಿತು. ಅಂದರೆ ಓದುವವರು ನಮಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿರುತ್ತಾರೆ. ನಮ್ಮ ಕನ್ನಡದಲ್ಲಂತೂ ಕ್ರಿಯಾಪದ ಬರುವುದೇ ಕೊನೆಗೆ. 'ಅಜ್ಜಿ ಬಿಸಿ ರೊಟ್ಟಿಗೆ ಬೆಣ್ಣೆ' ಎನ್ನುವಷ್ಟರಲ್ಲಿ ಅವರು 'ಸವರಿದಳು' ಎಂದು ಮನಸ್ಸಿನಲ್ಲೇ ಮುಗಿಸಿರುತ್ತಾರೆ. ಅಲ್ಲಿ ನೀನು 'ಸವರಿ, ತಿನ್ನದೆ ಬಾಗಿಲ ಕಡೆ ನೋಡಿದಳು' ಎಂದರೆ ಕತೆ ಶುರುವಾಯಿತು. ನಿನ್ನ ನಾಲ್ಕನೇ ಪ್ಯಾರಾದಲ್ಲಿ 'ಸಂಜ್ಞಾನಾತ್ಮಕ ಪ್ರಕ್ರಿಯೆಗಳ ಶ್ರೇಣೀಕೃತ ಸಂಸ್ಕರಣೆ' ಎಂದಿದೆ. ಇದರಲ್ಲಿ ಊಹೆಗೆ ಹಿಡಿದುಕೊಳ್ಳಲು ಒಂದು ಕಡ್ಡಿಯೂ ಇಲ್ಲ.

ಇನ್ನೊಂದು. 2004ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಒದೆ, ನೆಕ್ಕು, ಹೆಕ್ಕು ಎಂಬರ್ಥದ ಇಂಗ್ಲಿಷ್ ಪದಗಳನ್ನು ಜನರಿಂದ ಸುಮ್ಮನೆ ಕಣ್ಣಿನಲ್ಲೇ ಓದಿಸಿದರು. ಕಾಲು, ನಾಲಿಗೆ, ಕೈಗಳನ್ನು ಆಡಿಸುವ ಕಾರ್ಟೆಕ್ಸ್ ಭಾಗಗಳು ಅಥವಾ ಅವುಗಳ ನೆರೆಹೊರೆ ಚುರುಕಾದವು. ಇದರ ಅರ್ಥವೇನೆಂಬ ಚರ್ಚೆ ಇನ್ನೂ ಮುಗಿದಿಲ್ಲ, ನೀನೂ ಅದನ್ನು ಮುಗಿದ ಮಾತಿನಂತೆ ಬರೆಯಬೇಡ. ನಾನಂತೂ 'ತೆಗೆದುಕೊಂಡಳು' ಎಂದು ಬರೆದಾಗಲೆಲ್ಲ ನಿಂತು ಕೇಳಿಕೊಳ್ಳುತ್ತೇನೆ: ಹೆಕ್ಕಿದಳೋ, ಕಿತ್ತಳೋ, ಬಾಚಿದಳೋ?

ಕೊನೆಗೆ 'ಬ್ರೋಕಾ ಪ್ರದೇಶ ಮಾತಿನ ಕೇಂದ್ರ' ಎಂಬ ಸಾಲು. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ನೋಡಿದ ರೋಗಿಯ ಬಾಯಲ್ಲಿ 'ಟಾನ್' ಎಂಬುದು ಬಿಟ್ಟರೆ ಹೆಚ್ಚೇನೂ ಹೊರಡುತ್ತಿರಲಿಲ್ಲ. ಆ ರೋಗಿಯ ಮಿದುಳಿನ ಎಡಭಾಗದಲ್ಲಿ, ಮುಂದುಗಡೆ, ಕೆಟ್ಟಿದ್ದ ಜಾಗಕ್ಕೇ ಬ್ರೋಕಾ ಪ್ರದೇಶ ಎಂಬ ಹೆಸರು ಬಂತು. ನನ್ನ ಸೋದರಮಾವನಿಗೆ ಲಕ್ವ ಹೊಡೆದಾಗಲೂ ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ನೀರು ಬೇಕಾದರೆ ಲೋಟ ತೋರಿಸಿ 'ಅದು... ಅದು...' ಎನ್ನುತ್ತ ಕಣ್ಣು ತುಂಬಿಕೊಳ್ಳುತ್ತಿದ್ದರು. ಸಂಜೆ ಅತ್ತೆ ದೀಪ ಹಚ್ಚಿ ದೇವರನಾಮ ಎತ್ತಿಕೊಂಡರೆ ಅದೇ ಮಾವ ಒಂದು ಪದವೂ ಬಿಡದೆ ಚರಣವನ್ನು ಪೂರ್ತಿ ಹಾಡುತ್ತಿದ್ದರು. ಹಾಡು ನಿಂತ ಕ್ಷಣ ಮತ್ತೆ 'ಅದು'. ಮಾತೆಲ್ಲ ಒಂದೇ ಗೂಡಿನಲ್ಲಿದ್ದಿದ್ದರೆ ಹಾಡಿನ ಪದಗಳೂ ಅದರೊಂದಿಗೇ ಹೋಗಬೇಕಿತ್ತು. 'ಕೇಂದ್ರ' ಹೊಡೆದುಹಾಕು, ಆ ಜಾಗದಲ್ಲಿ ಒಬ್ಬ ಮನುಷ್ಯನನ್ನು ಕೂರಿಸು.

ಮ್ಯೂಸಿಯಂಗೆ ಹೋಗುವ ಮುಂಚೆ ಫೋನ್ ಮಾಡಿ ದಿನ, ಸಮಯ ಕೇಳಿಕೋ. ನೋಟ್‌ಬುಕ್ ಚೀಲದಲ್ಲೇ ಇರಲಿ, ಮೊದಲು ಕೈಯೊಡ್ಡು. ಎರಡನೇ ಕರಡು ಯುಗಾದಿಗೆ ಮುಂಚೆ ಬಂದರೆ ಹಬ್ಬದ ರಜೆಯಲ್ಲಿ ಇಬ್ಬರೂ ಕೂತು ಸಾಲು ಸಾಲಾಗಿ ನೋಡೋಣ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಹಿತೈಷಿ